ಬೇಲೂರಿನ ಕಲ್ಲಿನಲ್ಲಿ ನಮ್ಮ ಬ್ಯಾಂಡ್‌ಸೆಟ್ ಇದೆಯಾ?

ಪ್ರಶ್ನೆ: ನಮ್ಮೂರ ಬ್ಯಾಂಡ್‌ಸೆಟ್ ಹೊಯ್ಸಳರ ಕಾಲದ್ದಂತೆ, ಬೇಲೂರು ಗುಡಿಯಲ್ಲೇ ಕೆತ್ತಿದ್ದಾರಂತೆ. ನಿಜವಾ?

ಇಲ್ಲ. ಜಾತ್ರೆ, ಮದುವೆ ಸೀಸನ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಸಲ ಒಂದೇ ಮಾತಲ್ಲಿ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. ಅಲ್ಲಿ ಮದ್ದಳೆ ಬಾರಿಸುವವರಿದ್ದಾರೆ, ಕೊಳಲು ಊದುವವರಿದ್ದಾರೆ, ತಾಳ ಹಾಕುವವರಿದ್ದಾರೆ. ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. ಆದರೆ ಅದು ಬ್ಯಾಂಡ್‌ಸೆಟ್ ಅಲ್ಲ. "ಕಹಳೆ, ಕೊಂಬು ನಮ್ಮಲ್ಲಿ ಮೊದಲೇ ಇತ್ತಲ್ವಾ, ಅದೇ ಟ್ರಂಪೆಟ್" ಅನ್ನುತ್ತಾರೆ. ಕೊಂಬು ಇತ್ತು, ಒಪ್ಪಿದೆ. ಎರಡನ್ನೂ ತುಟಿ ಅದುರಿಸಿಯೇ ಊದುವುದು, ಅದೂ ನಿಜ. ಆದರೆ ಟ್ರಂಪೆಟ್‌ಗೆ ಇರುವಂಥ ಬೆರಳಲ್ಲಿ ಒತ್ತುವ ಗುಂಡಿ ಕೊಂಬಿಗೆ ಎಲ್ಲಿದೆ? ಗುಂಡಿ ಇಲ್ಲದ ಕೊಳವೆಯಲ್ಲಿ ಸಲೀಸಾಗಿ ಬರುವುದು ಕೆಲವೇ ಸ್ವರ. ಕೆಳಗಿನಿಂದ ಸಾ, ಪಾ, ಮೇಲಿನ ಸಾ, ಗಾ, ಮತ್ತೆ ಪಾ. ನಡುವಿನ ರಿ, ಮ, ದ, ನಿ ಅಲ್ಲಿ ಸಿಗಲ್ಲ. ದೇವರ ಮೆರವಣಿಗೆ ಹೊರಟಿತು ಎಂದು ಸಾರಲು ಅಷ್ಟು ಸಾಕು. ಒಂದು ದೇವರನಾಮ ನುಡಿಸಿ ನೋಡಿ, ಮೊದಲ ಸಾಲಿಗೇ ನಿಲ್ಲುತ್ತೀರಿ.

ಒತ್ತುವ ಗುಂಡಿಗೆ ಜರ್ಮನಿಯಲ್ಲಿ ಪೇಟೆಂಟ್ ಸಿಕ್ಕಿದ್ದು 1818ರಲ್ಲಿ. ಗುಂಡಿ ಒತ್ತಿದರೆ ಗಾಳಿ ಇನ್ನೊಂದು ಸುತ್ತು ಕೊಳವೆ ಹಾದು ಬರುತ್ತದೆ. ಕೊಳವೆ ಉದ್ದವಾದಷ್ಟೂ ಸ್ವರ ಇಳಿಯುತ್ತದೆ. ನಡುವಿನ ಗುಂಡಿ ಅರ್ಧ ಸ್ವರ ಇಳಿಸುತ್ತದೆ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ. ಈ ಮೂರನ್ನು ಬೇರೆ ಬೇರೆ ಥರ ಸೇರಿಸಿ ಒತ್ತಿದರೆ ನಡುವಿನ ಸ್ವರಗಳೆಲ್ಲ ಬಂದವು. ಬ್ಯಾಂಡ್‌ನವರು ಹೊಸ ಸಿನಿಮಾ ಹಾಡನ್ನು ವಾರದೊಳಗೆ ಊದುವುದು ಈ ಮೂರು ಗುಂಡಿಯ ಬಲದಿಂದ. ಅದು ಬರುವ ಹೊತ್ತಿಗೆ ಹೊಯ್ಸಳರು ಹೋಗಿ ಸುಮಾರು ಐನೂರು ವರ್ಷ ಆಗಿತ್ತು.

ಹಾಗಾದರೆ ಬ್ಯಾಂಡ್ ನಮ್ಮಲ್ಲಿಗೆ ಹೇಗೆ ಬಂತು? ಬ್ರಿಟಿಷ್ ಪಲ್ಟನ್ನುಗಳ ಜೊತೆ ಬಂತು. ಅದನ್ನು ಕೇಳಿ ರಾಜರು ಅರಮನೆಗೆ ಕರೆಸಿಕೊಂಡರು. ಮೈಸೂರು ಅರಮನೆಯಲ್ಲೂ ಬ್ಯಾಂಡ್ ಇತ್ತು, ಹಾಸನ ಆಗ ಆ ಸಂಸ್ಥಾನಕ್ಕೇ ಸೇರಿತ್ತು. ಪಲ್ಟನ್ನು, ಅರಮನೆಗಳಿಂದ ಊರಿನ ಮದುವೆಗೆ ಇಳಿಯಿತು. ವಾದ್ಯ ಮಾಡುವುದಕ್ಕೆ ಉತ್ತರದ ಮೀರತ್ ಹೆಸರಾಯಿತು.

ಇನ್ನೊಂದು ವಿಷಯ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಯಾಕ್ಸೋಫೋನ್ ಹಿತ್ತಾಳೆಯದೇ ಆದರೂ ಟ್ರಂಪೆಟ್ ಜಾತಿಯದಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದರಲ್ಲಿ ಅದುರುವುದು ತುಟಿಯಲ್ಲ, ಜೊಂಡಿನ ತೆಳು ಪಟ್ಟಿ. ಈ ಲೆಕ್ಕದಲ್ಲಿ ಅದು ನಾಗಸ್ವರದ ನೆಂಟ. ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದನ್ನೇ ಹಿಡಿದರು. ಆಮೇಲೆ ಅದು ಕಚೇರಿಗೂ ಬಂತು, ನಮ್ಮ ಕಡೆಯ ಮದುವೆ ಮಂಟಪಕ್ಕೂ ಬಂತು. ಗಟ್ಟಿಮೇಳದ ಹೊತ್ತಿಗೆ ಡೋಲಿನ ಪಕ್ಕ ಸ್ಯಾಕ್ಸೋಫೋನ್ ಕೂತಿರುತ್ತದೆ. ಟ್ರಂಪೆಟ್‌ನವರು ಹೊರಗೆ ಚಪ್ಪರದಲ್ಲಿ ಕಾಫಿ ಕುಡಿಯುತ್ತಾ ಮೆರವಣಿಗೆಗೆ ಕಾಯುತ್ತಿರುತ್ತಾರೆ.