ಬಸಳೆಗೆ ವಾಟೆಹುಳಿ, ಕಾರಿಗೆ ತಾಮ್ರ

ಕಾರಿನ ಬಣ್ಣದ ಕಾರ್ಡ್ ಮುಂದಿಟ್ಟಾಗ ನನ್ನ ಬೆರಳು ಹೋಗಿ ನಿಂತಿದ್ದು ಕಡು ಹಸಿರಿನ ಮೇಲೆ. "ಬಿಳಿ ತಗೋ, ಮಾರುವಾಗ ಸುಲಭ" ಎಂದರು ಮನೆಯವರು. ಪಕ್ಕದ ಮನೆಯವರದ್ದು ಇನ್ನೊಂದು ಮಾತು: "ಹಸಿರು ಬೇಗ ಮಾಸುತ್ತೆ, ಬಾಳೆಎಲೆ ಒಣಗಿದ ಹಾಗೆ."

ಮಾಸುತ್ತದೆಯೇ? ಇದಕ್ಕೆ ಉತ್ತರ ಶಿರಸಿಯ ಅಡುಗೆಮನೆಯಲ್ಲೇ ಇದೆ.

ಬಸಳೆ ಬೇಯಿಸಿ ವಾಟೆಹುಳಿ ಹಾಕಿ ನೋಡಿ. ಗಳಿಗೆಯಲ್ಲಿ ಹೊಳೆವ ಹಸಿರು ಹೋಗಿ ಮಂಕು ಕಂದುಹಸಿರು ಬರುತ್ತದೆ. ಎಲೆಯ ಹಸಿರು ಅಂದರೆ ಕ್ಲೋರೋಫಿಲ್. ಅದರ ಅಣುವಿನಲ್ಲಿ ಒಂದು ಉಂಗುರ ಇದೆ. ಉಂಗುರದ ಒಳಗಿನ ನಾಲ್ಕು ನೈಟ್ರೋಜನ್‌ಗಳು ನಡುವೆ ಒಂದು ಮೆಗ್ನೀಷಿಯಂ ಹಿಡಿದುಕೊಂಡಿರುತ್ತವೆ. ಆದರೆ ಹಿಡಿತ ಸಡಿಲ. ಹುಳಿ ಬಿದ್ದ ಕೂಡಲೇ ಮೆಗ್ನೀಷಿಯಂ ಜಾರಿ, ಆ ಜಾಗಕ್ಕೆ ಹೈಡ್ರೋಜನ್ ಬಂದು ಕೂರುತ್ತದೆ. ಬಣ್ಣ ಕೆಟ್ಟಿತು.

ಕಾರಿನ ಅನೇಕ ಹಸಿರುಗಳಿಗೆ ಬಳಸುವ ಥ್ಯಾಲೋಸೈನಿನ್ ಇದೇ ಮನೆತನದ್ದು ಅನ್ನಬಹುದು. ಹೆಚ್ಚುಕಮ್ಮಿ ಅದೇ ಉಂಗುರ, ಅವೇ ನಾಲ್ಕು ನೈಟ್ರೋಜನ್. ನಡುವೆ ಮಾತ್ರ ತಾಮ್ರ. ಈ ಹಿಡಿತ ಎಷ್ಟು ಬಿಗಿ ಅಂದರೆ, ಗಟ್ಟಿ ಗಂಧಕಾಮ್ಲದಲ್ಲಿ ಕರಗಿಸಿದರೂ ತಾಮ್ರ ಬಿಡುವುದಿಲ್ಲ. ನೀರಿಗೆ ಸುರಿದರೆ ಬಣ್ಣ ಹಾಗೇ ವಾಪಸ್! ಇನ್ನು ವಾಟೆಹುಳಿ ಯಾವ ಲೆಕ್ಕ?

ಈ ಮನೆತನ ಬೆಳಕಿಗೆ ಬಂದಿದ್ದೂ ಒಂದು ಅವಘಡದಿಂದ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮತ್ ಕಾರ್ಖಾನೆಯಲ್ಲಿ ಒಂದು ಪಾತ್ರೆಯ ಒಳಗಿನ ಗಾಜಿನ ಲೇಪ ಬಿರುಕು ಬಿಟ್ಟಿತು. ಹೊರಗಿನ ಕಬ್ಬಿಣ ಒಳಗಿನ ರಾಸಾಯನಿಕಕ್ಕೆ ತಾಗಿ ನೀಲಿ ಛಾಯೆಯ ಕಸ ಹುಟ್ಟಿತು. ಪುಣ್ಯಕ್ಕೆ ಯಾರೂ ಅದನ್ನು ಚೆಲ್ಲಲಿಲ್ಲ. ಕಬ್ಬಿಣದ ಬದಲು ತಾಮ್ರ ಇಟ್ಟರೆ ಚೆಂದದ ನೀಲಿ. ಆ ನೀಲಿಯ ಅಂಚಿನಲ್ಲಿ 16 ಹೈಡ್ರೋಜನ್‌ಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ತೆಗೆದು ಕ್ಲೋರಿನ್ ಕೂರಿಸಿದರೆ ಹಸಿರು.

ಹಾಗಾಗಿ ಪಕ್ಕದ ಮನೆಯವರ ಬಾಳೆಎಲೆ ಇಲ್ಲಿ ನಡೆಯಲ್ಲ. ಬಿಸಿಲಿಗೆ ಮೊದಲು ಸೋಲುವುದು ಸಾಮಾನ್ಯವಾಗಿ ಬಣ್ಣದ ಮೇಲಿನ ಪಾರದರ್ಶಕ ಪದರ. ಕಾರವಾರದ ಕಡಲ ಪಕ್ಕ ಇರುವವರು ಬಣ್ಣಕ್ಕಿಂತ ಗಾಡಿಯ ಅಡಿಭಾಗದ ಉಪ್ಪಿನ ಬಗ್ಗೆ ಚಿಂತೆ ಮಾಡುವುದು ಒಳ್ಳೆಯದು.

ಅಂದ ಹಾಗೆ, ಎಲ್ಲ ಹಸಿರೂ ನಮ್ಮ ಪಾಲಿಗಿಲ್ಲ. ಆಲಿವ್ ಹಸಿರು ಸೇನೆಯ ಗಾಡಿಗಳಿಗೆ ಮಾತ್ರ ಎನ್ನುತ್ತವೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಹಳೆ ಜೀಪಿಗೆ ಆಸೆಯಿಂದ ಬಳಿಸುವವರು ನೆನಪಿಡಬೇಕು.

ನನಗೆ ಅಳುಕು ಇದ್ದದ್ದು ಬೇರೆ ಕಡೆ. ಹಗಲಲ್ಲಿ ನಮ್ಮ ಕಣ್ಣು ಜಾಸ್ತಿ ಸ್ಪಂದಿಸುವುದು 555 ನ್ಯಾನೊಮೀಟರ್ ಸುತ್ತಿನ ಬೆಳಕಿಗೆ, ಅಂದರೆ ಹಸಿರಿಗೇ. ಮುಸ್ಸಂಜೆಯಲ್ಲಿ ಅದು ಇನ್ನೂ ನೀಲಿಯ ಕಡೆ ಸರಿಯುತ್ತದೆ. ಆಗ ಕೆಂಪು ಕಾರು ಕಪ್ಪಾದೀತು, ಹಸಿರು ಅಷ್ಟು ಬೇಗ ಕಪ್ಪಾಗದು. ಸಂತೋಷ. ಆದರೆ ಕಣ್ಣು ಗುರುತಿಸುವುದು ಬಣ್ಣವನ್ನು ಮಾತ್ರ ಅಲ್ವಲ್ಲ, ಹಿಂದಿನದ್ದಕ್ಕೂ ಮುಂದಿನದ್ದಕ್ಕೂ ಇರುವ ಫರಕನ್ನು. ಆಷಾಢದಲ್ಲಿ ದೇವಿಮನೆ ಘಾಟಿನ ತಿರುವಿನಲ್ಲಿ ಹಿಂದೆ ಕಾಡು, ಮುಂದೆ ಮಂಜು, ನಡುವೆ ನನ್ನ ಕಡು ಹಸಿರು ಕಾರು. ಫರಕು ಎಲ್ಲಿಂದ ಬರಬೇಕು?

ಆದರೂ ಹಸಿರನ್ನೇ ತಗೊಂಡೆ. ಘಾಟಿನಲ್ಲಿ ಹಗಲಲ್ಲೂ ಹೆಡ್‌ಲೈಟ್ ಹಾಕುತ್ತೇನೆ. ಎದುರಿನ ಬಸ್ಸಿನವರು ಬೆರಳು ಮಡಚಿ ಬಿಡಿಸಿ "ಲೈಟ್ ಉರೀತಾ ಇದೆ" ಎಂದು ಸನ್ನೆ ಮಾಡುತ್ತಾರೆ. ಅಂದರೆ ನಾನು ಕಂಡೆ ಅಂತ ಅಲ್ವಾ? ಕೈ ಬೀಸಿ ಮುಂದೆ ಹೋಗುತ್ತೇನೆ.