ಅರ್ಧ ದರಕ್ಕೆ ಮನೆ ಸಾಗಿಸುವವರನ್ನು ನಂಬಬಹುದೇ?

ಪ್ರಶ್ನೆ: ರಾಜರಾಜೇಶ್ವರಿ ನಗರದ ಬಾಡಿಗೆ ಮನೆಯಿಂದ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೇವೆ. ಎರಡು ಬೆಡ್‌ರೂಮಿನ ಮನೆ. ಪ್ಯಾಕರ್ಸ್ ಆ್ಯಂಡ್ ಮೂವರ್ಸ್‌ನವರಿಗೆ ಫೋನ್ ಮಾಡಿದರೆ ಒಬ್ಬರು ಹೇಳುವ ದರ ಇನ್ನೊಬ್ಬರದರ ಅರ್ಧ. ಕಡಿಮೆ ಹೇಳಿದವರಿಗೇ ಒಪ್ಪಿಸಬಹುದೇ?

ಉತ್ತರ: ಅವರು ಮನೆಗೆ ಬಂದು, ಇಲ್ಲವೇ ವಿಡಿಯೊ ಕರೆಯಲ್ಲಿ ಒಂದೊಂದೇ ಕೋಣೆ ನೋಡಿ, ಸಾಮಾನಿನ ಪಟ್ಟಿ ಬರೆದುಕೊಂಡು ದರ ಹೇಳಿದ್ದರೆ ಧಾರಾಳವಾಗಿ ಒಪ್ಪಿಸಿ. ‘ಟು ಬಿಎಚ್‌ಕೆ’ ಎಂದು ಕೇಳಿದ ಕೂಡಲೇ ಹೇಳಿದ ದರವಾದರೆ ಅದು ಮುಂಗಡ ಹಿಡಿಯಲು ಬಿಟ್ಟ ಗಾಳ.

ಹೊಸದಾಗಿ ಮದುವೆಯಾದವರ ಮನೆಯೂ ಟು ಬಿಎಚ್‌ಕೆ. ಎರಡು ಬೀರು, ಅಜ್ಜಿಯ ತೇಗದ ಮಂಚ, ಅಟ್ಟದ ತುಂಬ ಹಿತ್ತಾಳೆ ಪಾತ್ರೆ ಇರುವ ಮನೆಯೂ ಟು ಬಿಎಚ್‌ಕೆ. ಮೊದಲನೆಯದು ಒಂದು ಟಾಟಾ ಏಸ್‌ನಲ್ಲಿ ಹಿಡಿಸೀತು. ಎರಡನೆಯದಕ್ಕೆ 14 ಅಡಿಯ ಲಾರಿಯೇ ಬೇಕಾಗಬಹುದು. ಕಡಿಮೆ ಹೇಳಿದವರು ಸಣ್ಣ ಗಾಡಿ ಕಳುಹಿಸಿ, ಅರ್ಧ ತುಂಬಿದ ಮೇಲೆ ಎರಡನೇ ಟ್ರಿಪ್ಪಿನ ಮಾತು ತೆಗೆಯುತ್ತಾರೆ. ಅಷ್ಟು ಹೊತ್ತಿಗೆ ನಿಮ್ಮ ಫ್ರಿಜ್ ಗಾಡಿ ಏರಿರುತ್ತದೆ, ಸಂಜೆಯೊಳಗೆ ಮಾಲೀಕರಿಗೆ ಬೀಗದ ಕೈ ಕೊಡಬೇಕಿರುತ್ತದೆ. ಆಗ ಚೌಕಾಸಿ ಮಾಡುವುದೆಲ್ಲಿಂದ ಬಂತು?

ಆದ್ದರಿಂದ ಪಟ್ಟಿ ಮೊದಲು, ಮುಂಗಡ ಆಮೇಲೆ. ಪಟ್ಟಿ ಮಾಡುವಾಗ ಎಲ್ಲರೂ ಮರೆಯುವುದು ಅಟ್ಟವನ್ನೂ ಬಾಲ್ಕನಿಯ ಹೂಕುಂಡಗಳನ್ನೂ. ಗಾಡಿಯ ಅಳತೆ, ಆಳುಗಳ ಸಂಖ್ಯೆ, ಎರಡೂ ಕಡೆಯ ಮಹಡಿ, ಮಂಚ ಬಿಚ್ಚಿ ಜೋಡಿಸುವ ಕೆಲಸ, ತೆರಿಗೆ ಸೇರಿದೆಯೋ ಇಲ್ಲವೋ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದಲ್ಲಿರಲಿ. ಎಸಿ, ಗೀಸರ್, ನೀರಿನ ಫಿಲ್ಟರ್ ಕಳಚುವುದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು ಕೇಳುತ್ತಾರೆ.

ಬೆಂಗಳೂರಿನಲ್ಲಿ ದರ ಏರಿಸುವ ಇನ್ನೊಂದು ಸಂಗತಿ ಅಪಾರ್ಟ್‌ಮೆಂಟಿನ ಗೇಟು. ಅನೇಕ ಕಡೆ ಸಂಘದ ಅನುಮತಿ ಪತ್ರವಿಲ್ಲದೆ ಲಾರಿಯನ್ನು ಒಳಗೆ ಬಿಡುವುದಿಲ್ಲ. ಸರ್ವಿಸ್ ಲಿಫ್ಟ್ ಇಂತಿಷ್ಟೇ ಹೊತ್ತು. ಕೆಲವೆಡೆ ಭಾನುವಾರ ಬೇಡವೇ ಬೇಡ. ನೆಲಮಾಳಿಗೆಯ ಚಾವಣಿ ತಗ್ಗಾಗಿದ್ದರೆ ಲಾರಿ ಗೇಟಿನಲ್ಲೇ ನಿಂತು, ಅಲ್ಲಿಂದ ನಿಮ್ಮ ಬ್ಲಾಕಿನವರೆಗೆ ಹೊತ್ತ ಕೂಲಿ ಬಿಲ್ಲಿಗೆ ಸೇರುತ್ತದೆ. ಇದನ್ನು ಸಾಗಣೆಯವರ ಮೋಸ ಎನ್ನಲಾಗದು, ನಾವೇ ಮೊದಲೇ ವಿಚಾರಿಸಿಕೊಳ್ಳಬೇಕಾದದ್ದು. ದಟ್ಟಣೆಯ ಹೊತ್ತಿನಲ್ಲಿ ನಗರದೊಳಗೆ ಸರಕು ವಾಹನಗಳ ಓಡಾಟಕ್ಕೆ ಸಂಚಾರ ಪೊಲೀಸರ ನಿರ್ಬಂಧಗಳೂ ಇವೆ. ಲಾರಿ ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳಿಯೇ ಲಿಫ್ಟಿನ ಸಮಯ ಗೊತ್ತುಮಾಡಿಕೊಳ್ಳಿ.

ದಿನದ ಮಾತೂ ಇದೆ. ತಿಂಗಳ ಕೊನೆ, ಮೊದಲ ವಾರಾಂತ್ಯ ಎಂದರೆ ಎಲ್ಲರಿಗೂ ಗಾಡಿ ಬೇಕು. ಆಷಾಢದಲ್ಲಿ ಹೊಸ ಮನೆಗೆ ಕಾಲಿಡಲು ಹಿಂಜರಿಯುವವರು ಬಹಳ. ನಿಮಗೆ ಅಭ್ಯಂತರವಿಲ್ಲದಿದ್ದರೆ, ಮನೆಯ ಹಿರಿಯರನ್ನೂ ಒಪ್ಪಿಸಬಲ್ಲಿರಾದರೆ, ಚೌಕಾಸಿಗೆ ಅದು ಒಳ್ಳೆಯ ಕಾಲ.

ನಾನು ಹೆಚ್ಚು ಅನುಮಾನದಿಂದ ನೋಡುವುದು ಬಿಲ್ಲಿನ ‘ವಿಮೆ’ ಎಂಬ ಸಾಲನ್ನು. ಸಾಮಾನಿನ ಮೌಲ್ಯದ ಇಷ್ಟು ಶೇಕಡಾ ಎಂದು ವಸೂಲು ಮಾಡುತ್ತಾರೆ. ಟಿವಿ ಒಡೆದ ಮೇಲೆ ಕೇಳಿದರೆ ಪಾಲಿಸಿಯೇ ಇರುವುದಿಲ್ಲ. ವಿಮಾ ಕಂಪನಿ ಕೊಟ್ಟ ಪಾಲಿಸಿಯ ಪ್ರತಿ ಕೊಡಿ ಎನ್ನಿ. ಕೊಡದಿದ್ದರೆ ಆ ಸಾಲನ್ನು ಹೊಡೆದುಹಾಕಿಸಿ. ಹಾಗೆಯೇ 15 ಅಕ್ಷರ, ಅಂಕಿಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿ ನೋಡಿ. ಕರ್ನಾಟಕದ ನೋಂದಣಿಯಾದರೆ 29ರಿಂದ ಆರಂಭವಾಗುತ್ತದೆ. ಅಲ್ಲಿ ಕಾಣುವ ಹೆಸರು ನಿಮ್ಮೊಡನೆ ಮಾತನಾಡಿದ ಸಂಸ್ಥೆಯದ್ದೇ ಆಗಿರಬೇಕು. ಹೆಸರಾಂತ ಸಂಸ್ಥೆಯ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡವರು ಈ ವ್ಯಾಪಾರದಲ್ಲಿ ಕಡಿಮೆಯಿಲ್ಲ.

ಮುಂಗಡ ಸಣ್ಣದಿರಲಿ, ದೊಡ್ಡ ಪಾಲು ಕೊನೆಯ ಡಬ್ಬ ಒಳಗೆ ಬಂದ ಮೇಲೆ ಕೊಡಿ. ಹೆಚ್ಚು ಹಣ ಕೊಡದೆ ಸಾಮಾನು ಇಳಿಸುವುದಿಲ್ಲ ಎಂದು ಪಟ್ಟು ಹಿಡಿದರೆ 112ಕ್ಕೆ ಕರೆ ಮಾಡಿ. ಆಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಏನಾದರೂ ಒಡೆದಿದ್ದರೆ, ಸಹಿ ಹಾಕುವ ಮೊದಲೇ ಅವರ ಕಾಗದದ ಮೇಲೆ ಅದನ್ನು ಬರೆಯಿರಿ, ಫೋಟೊ ತೆಗೆಯಿರಿ. 2007ರ ರಸ್ತೆ ಸಾಗಣೆ ಕಾಯಿದೆಯ ಪ್ರಕಾರ ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ನಷ್ಟಕ್ಕಾಗಿ ಸಾಗಣೆದಾರರ ಮೇಲೆ ದಾವೆ ಹೂಡಲು ಬರುವುದಿಲ್ಲ. ಫೋನಿನಲ್ಲಿ ಜಗಳವಾಡಿದ್ದು ನೋಟಿಸ್ ಎನಿಸದು.