ಪಿಎಂಪಿ ಮಾಡಿದರೆ ಕೆಲಸ ಬರುತ್ತಾ, ಕೆಲಸ ಸಿಗುತ್ತಾ?

ಪ್ರಾಜೆಕ್ಟ್ ಮ್ಯಾನೇಜರ್ ಬೇಕಾಗಿದ್ದಾರೆ ಅನ್ನುವ ಜಾಹೀರಾತುಗಳಲ್ಲಿ "ಪಿಎಂಪಿ ಇದ್ದವರಿಗೆ ಆದ್ಯತೆ" ಅನ್ನುವ ಸಾಲು ಆಗಾಗ ಕಾಣುತ್ತದೆ. ಪಿಎಂಪಿ ಅಂದರೆ ಪ್ರಾಜೆಕ್ಟ್ ನಡೆಸುವವರಿಗೆ ಪರೀಕ್ಷೆ ಮಾಡಿ ಕೊಡುವ ಒಂದು ಸರ್ಟಿಫಿಕೇಟ್. ಅದೇ ಕೆಲಸದಲ್ಲಿ ಪಳಗಿದವರನ್ನು ಕೇಳಿ ನೋಡಿ. "ಪರೀಕ್ಷೆಗೆ ಓದಿದ್ದು ಪರೀಕ್ಷೆಗೇ ಸರಿಹೋಯ್ತು" ಅಂತ ನಗುವವರು ಬೇಕಾದಷ್ಟು ಸಿಗುತ್ತಾರೆ. ಎರಡೂ ನಿಜವೇ. ಈ ಎಡವಟ್ಟಿನ ಬೇರು 1950ರ ದಶಕದಲ್ಲಿದೆ.

ಅಮೆರಿಕದ ಡ್ಯೂಪಾಂಟ್ ಕಂಪನಿಗೆ ಆಗ ಒಂದು ತಲೆನೋವು. ಕೆಮಿಕಲ್ ಕಾರ್ಖಾನೆಗಳನ್ನು ಕಟ್ಟುವುದು, ರಿಪೇರಿಗೆ ಅಂತ ನಿಲ್ಲಿಸಿ ಮತ್ತೆ ಶುರು ಮಾಡುವುದು, ಎಲ್ಲದಕ್ಕೂ ಸಮಯ ಜಾಸ್ತಿ ಹಿಡಿಯುತ್ತಿತ್ತು. 1957ರ ಸುಮಾರಿಗೆ ಡ್ಯೂಪಾಂಟ್‌ನ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ ಒಂದು ಲೆಕ್ಕ ಕಂಡುಹಿಡಿದರು. ಯಾವ ಕೆಲಸ ಮುಗಿಯದೆ ಯಾವುದನ್ನು ಶುರು ಮಾಡಲು ಆಗುವುದಿಲ್ಲ ಅಂತ ಮೊದಲು ಬರೆದುಕೊಳ್ಳುವುದು. ಹೀಗೆ ಒಂದಕ್ಕೊಂದು ಕಾಯುವ ಕೆಲಸಗಳ ಸಾಲುಗಳಲ್ಲಿ ಅತಿ ಉದ್ದದ್ದು ಯಾವುದು ಅಂತ ನೋಡುವುದು. ಆ ಸಾಲಿನಲ್ಲಿ ಒಂದು ದಿನ ತಪ್ಪಿದರೆ ಇಡೀ ಪ್ರಾಜೆಕ್ಟ್ ಒಂದು ದಿನ ತಡ. ಉಳಿದ ಕೆಲಸಗಳು ಸ್ವಲ್ಪ ಹಿಂದೆಮುಂದೆ ಆದರೂ ನಡೆಯುತ್ತದೆ. ಇದೇ ಕ್ರಿಟಿಕಲ್ ಪಾತ್. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ವಿದ್ಯೆ. ಆದರೆ ಇದು ಗೊತ್ತಿಲ್ಲದ ಮ್ಯಾನೇಜರ್ ಎಲ್ಲರ ಮೇಲೂ ಒಂದೇ ಸಮನೆ ಕೂಗಾಡುತ್ತಿರುತ್ತಾನೆ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1958ರಲ್ಲಿ, ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ 'ಪರ್ಟ್' ಅನ್ನುವ, ಇದೇ ತರಹ ಕೆಲಸಗಳ ಚಾರ್ಟ್ ಹಾಕಿ ಸಮಯ ಲೆಕ್ಕ ಹಾಕುವ ವಿಧಾನ ತಂದಿತು. ಕ್ಷಿಪಣಿ ಬೇಗ ತಯಾರಾಯಿತು. ಹೆಸರು ಬಂದಿದ್ದು ಪರ್ಟ್‌ಗೆ. ಆದರೆ 1972ರಲ್ಲಿ ಹಾರ್ವೆ ಸಪೋಲ್ಸ್ಕಿ ಆ ಯೋಜನೆಯ ಕಥೆ ಬರೆದಾಗ ಬೇರೆಯೇ ಚಿತ್ರ ಸಿಕ್ಕಿತು. ಕ್ಷಿಪಣಿ ಕಟ್ಟುವುದಕ್ಕಿಂತ ಹೆಚ್ಚಾಗಿ, ಮೇಲಿನವರು ಮೂಗು ತೂರಿಸದಂತೆ ತಡೆಯಲು ಪರ್ಟ್ ನೆರವಾಗಿತ್ತು! ಇಷ್ಟು ಚೆನ್ನಾಗಿ ಚಾರ್ಟ್ ಹಾಕುವವರು ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತಿರಬೇಕು, ಅಲ್ವಾ? ಅಂದರೆ ಈ ವಿದ್ಯೆಗೆ ಮೊದಲಿನಿಂದಲೂ ಎರಡು ಉಪಯೋಗ: ಕೆಲಸ ನಡೆಸುವುದು, ಮತ್ತೆ ಕೆಲಸ ಹಿಡಿತದಲ್ಲಿದೆ ಅಂತ ತೋರಿಸುವುದು. ನನ್ನ ಪ್ರಕಾರ ಸರ್ಟಿಫಿಕೇಟ್‌ನ ಬಂಡವಾಳ ಈ ಎರಡನೆಯದು.

1969ರಲ್ಲಿ, ಪಿಎಂಪಿ ಕೊಡುವ ಪಿಎಂಐ ಸಂಸ್ಥೆ ಹುಟ್ಟಿತು. 1984ರಲ್ಲಿ ಮೊದಲ ಪಿಎಂಪಿ ಪರೀಕ್ಷೆ ನಡೆಯಿತು. ಬ್ರಿಟನ್ ಸರ್ಕಾರ ಕಂಪ್ಯೂಟರ್ ಯೋಜನೆಗಳಿಗೆ ಅಂತ 1989ರಲ್ಲಿ ಪ್ರಿನ್ಸ್ ಪದ್ಧತಿ ತಂದಿತು, 1996ರಲ್ಲಿ ಅದು ಪ್ರಿನ್ಸ್2 ಆಯಿತು. ಆದರೂ ಇವುಗಳ ಸರ್ಟಿಫಿಕೇಟ್‌ಗಳು ಡಾಕ್ಟರ ಲೈಸೆನ್ಸ್ ಇದ್ದ ಹಾಗಲ್ಲ. ಇವಿಲ್ಲದೆ ಪ್ರಾಜೆಕ್ಟ್ ನಡೆಸಬಾರದು ಅಂತ ಸಾಮಾನ್ಯವಾಗಿ ಯಾವ ಕಾನೂನೂ ಹೇಳುವುದಿಲ್ಲ. ನೇಮಿಸಿಕೊಳ್ಳುವವರು ಬೆಲೆ ಕೊಟ್ಟರೆ ಬೆಲೆ, ಅಷ್ಟೇ.

ತಮಾಷೆ ಇರುವುದು ಮುಂದಿನ ಅಧ್ಯಾಯದಲ್ಲಿ. 2001ರಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸಾಫ್ಟ್‌ವೇರ್ ಮಂದಿ ಸೇರಿ 'ಅಜೈಲ್' ಪ್ರಣಾಳಿಕೆ ಬರೆದರು. ಅಜೈಲ್ ಅಂದರೆ ಎಲ್ಲವನ್ನೂ ಮೊದಲೇ ಯೋಜಿಸದೆ, ಸಣ್ಣ ಸಣ್ಣ ಹಂತಗಳಲ್ಲಿ ಬದಲಿಸಿಕೊಳ್ಳುತ್ತಾ ಕೆಲಸ ಮಾಡುವ ರೀತಿ. ಪ್ರಕ್ರಿಯೆ, ಸಲಕರಣೆಗಳಿಗಿಂತ ಜನ ಮತ್ತು ಅವರ ಮಾತುಕತೆ ಮುಖ್ಯ ಅನ್ನುವುದು ಆ ಪ್ರಣಾಳಿಕೆಯ ಮೊದಲ ಮಾತು. ಕೆಲವೇ ವರ್ಷಗಳಲ್ಲಿ ಅದಕ್ಕೂ ಸರ್ಟಿಫಿಕೇಟ್ ಬಂತು. ಸ್ಕ್ರಮ್ ಅನ್ನುವ ಅಜೈಲ್ ಪದ್ಧತಿಯಲ್ಲಿ ತಂಡಕ್ಕೆ ದಾರಿ ತೋರುವ 'ಸ್ಕ್ರಮ್ ಮಾಸ್ಟರ್' ಆಗಲು ಎರಡು ದಿನದ ಕ್ಲಾಸು ಸಾಕಾಯಿತು. ಮುಂದೆ ಪರೀಕ್ಷೆ ಸೇರಿಕೊಂಡರೂ 50 ಪ್ರಶ್ನೆಗಳಲ್ಲಿ 37 ಸರಿಯಾದರೆ ಪಾಸ್. ಪಿಎಂಐ ಕೂಡ ಬದಲಾಯಿತು. ಅದರ 2017ರ ಕೈಪಿಡಿಯಲ್ಲಿ 49 ಪ್ರಕ್ರಿಯೆಗಳಿದ್ದವು. 2021ರ ಆವೃತ್ತಿ ಆ ಪಟ್ಟಿಯನ್ನು ಬದಿಗಿಟ್ಟು 12 ತತ್ವಗಳನ್ನು ಮುಂದಿಟ್ಟಿತು. ಹಳೆಯದನ್ನು ಉರುಹೊಡೆದವರ ಗತಿ ನೀವೇ ಊಹಿಸಿ.

2021ರಲ್ಲಿ ಬಂದ ಪಿಎಂಪಿ ಪರೀಕ್ಷೆಯಲ್ಲಿ 230 ನಿಮಿಷಕ್ಕೆ 180 ಪ್ರಶ್ನೆ. ಅವುಗಳ ಧಾಟಿ ಹೀಗಿರುತ್ತದೆ: ಗ್ರಾಹಕರು ನೇರವಾಗಿ ನಿಮ್ಮ ತಂಡದ ಒಬ್ಬರಿಗೆ ಹೇಳಿ ಹೊಸದೊಂದನ್ನು ಸೇರಿಸಲು ಕೇಳಿದ್ದಾರೆ, ನೀವು ಮೊದಲು ಏನು ಮಾಡುತ್ತೀರಿ? ಅದರಿಂದ ಸಮಯ, ಖರ್ಚಿನ ಮೇಲೆ ಏನು ಪರಿಣಾಮ ಅಂತ ಮೊದಲು ನೋಡುತ್ತೇನೆ ಅನ್ನುವುದು ಸರಿ ಉತ್ತರ. ಒಳ್ಳೆಯ ಉತ್ತರವೇ. ಆದರೆ ಗ್ರಾಹಕರು ಅಷ್ಟರಲ್ಲಿ ನಿಮ್ಮ ಮೇಲಧಿಕಾರಿಗೆ ಫೋನ್ ಮಾಡಿ, ಅವರು "ಹೂಂ, ಮಾಡಿಕೊಡ್ತೀವಿ" ಅಂದುಬಿಟ್ಟಿದ್ದರೆ? ಅದಕ್ಕೆ ನಾಲ್ಕು ಆಯ್ಕೆಗಳಲ್ಲಿ ಉತ್ತರ ಇರುವುದಿಲ್ಲ.

ಸಂಬಳದ ವಿಷಯವೂ ಸ್ವಲ್ಪ ಹೀಗೇ. ಪಿಎಂಪಿ ಇದ್ದವರಿಗೆ ಸಂಬಳ ಜಾಸ್ತಿ ಅಂತ ಪಿಎಂಐನ ಸಮೀಕ್ಷೆಗಳು ಹೇಳುತ್ತವೆ. ಸಮೀಕ್ಷೆ ಮಾಡುವುದೂ ಸರ್ಟಿಫಿಕೇಟ್ ಕೊಡುವುದೂ ಒಬ್ಬರೇ ಅನ್ನುವುದನ್ನು ಬಿಡಿ. ಪದವೀಧರರಿಗೂ ಪರೀಕ್ಷೆಗೆ ಕೂರಲು 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ಬೇಕು. ಅಷ್ಟು ಅನುಭವ, ಜೊತೆಗೆ ಮೇಲೇರುವ ಹಟ ಇರುವವರಿಗೆ ಅದಿಲ್ಲದೆಯೂ ಸಂಬಳ ಏರುತ್ತಿತ್ತೋ ಏನೋ. ಯಾವುದರಿಂದ ಎಷ್ಟು ಅಂತ ಬಿಡಿಸುವುದು ಕಷ್ಟ.

ಹಾಗಾಗಿ ತರಬೇತಿಯನ್ನೂ ಸರ್ಟಿಫಿಕೇಟನ್ನೂ ಬೇರೆ ಬೇರೆಯಾಗಿ ತೂಗಬೇಕು. ಕಂಪನಿ ಬದಲಿಸುವವರಿಗೆ, ಟೆಂಡರ್‌ಗಳಲ್ಲಿ ಸರ್ಟಿಫಿಕೇಟ್ ಕೇಳುವ ಕ್ಷೇತ್ರದವರಿಗೆ ಅದು ಬೇಕೇ ಬೇಕು, ವಾದವೇ ಇಲ್ಲ. ಅಲ್ಲಿ ಅದು ಒಳಗೆ ಬಿಡುವ ಚೀಟಿ. ಇದ್ದಲ್ಲೇ ಕೆಲಸ ಸುಧಾರಿಸಬೇಕು ಅನ್ನುವವರಿಗೆ ಪಿಎಂಪಿಗೆ ಕಡ್ಡಾಯವಾದ 35 ಗಂಟೆಯ ತರಬೇತಿಯೇ ಹೆಚ್ಚು ಉಪಯೋಗ, ಅದೂ ಒಂದೆರಡು ಪ್ರಾಜೆಕ್ಟ್ ಕೈಕೊಟ್ಟ ಮೇಲೆ ಹೋದರೆ. ಗಡುವು ತಪ್ಪಿದ ಪ್ರಾಜೆಕ್ಟ್ ಒಂದನ್ನು ತಲೆಯಲ್ಲಿಟ್ಟುಕೊಂಡು ಕೂತವರಿಗೆ ಕೇಳಲು ಪ್ರಶ್ನೆಗಳಿರುತ್ತವೆ. ಸೇರುವ ಮೊದಲು ಒಂದು ವಿಚಾರಿಸಿಕೊಳ್ಳಿ: ಪಾಠ ಮಾಡುವವರು ತಾವೇ ಪ್ರಾಜೆಕ್ಟ್ ನಡೆಸಿದವರಾ, ಇಲ್ಲಾ ಸುಮ್ನೆ ಪರೀಕ್ಷೆ ಪಾಸು ಮಾಡಿಸುವವರಾ ಅಂತ.